ಕೊಂಬಿನ ಬಸ್ಸಿನಲ್ಲಿ ನಮ್ಮವರು

ತಂಗಿಯ ಸಂಶೋಧನೆಯ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ಅಪ್ಪ ಅವಳಿಗೆ ಬಹುವಚನ ಹಚ್ಚಿದರು.

"ಬನ್ನಿ, ಬನ್ನಿ, ಕೂತ್ಕೊಳ್ಳಿ. ಫ್ಯಾನ್ ಹಾಕ್ಲಾ? ಅಥವಾ ಕರೆಂಟು ದಂಡ ಅಂತೀರಾ?"

ತನ್ನ ಬೆನ್ನ ಹಿಂದೆ ಯಾರಾದರೂ ದೊಡ್ಡ ಮನುಷ್ಯರು ಬಂದಿದ್ದಾರೇನೋ ಎಂದು ಅವಳು ತಿರುಗಿ ನೋಡಿದಳು. ಬಂದಿದ್ದವನು ನಾನು. ನನಗೆ ಅಪ್ಪ ಎಂದೂ ಅಷ್ಟು ಮರ್ಯಾದೆ ಕೊಟ್ಟವರಲ್ಲ.

"ಸಾಕು ಬಿಡ್ರೀ, ಮಗು ಬಿಸಿಲಲ್ಲಿ ಬಂದಿದೆ," ಎಂದು ಅಮ್ಮ ಒಳಗಿನಿಂದ ಕೂಗಿದರು.

"ಮಗು ಅಲ್ಲ ಕಣೇ, ಡಾಕ್ಟರು. ಬದುಕಿರೋ ಬಸ್ಸಿಗೆ ಸತ್ತಿದೆ ಅಂತ ಸರ್ಟಿಫಿಕೇಟ್ ಬರೆದುಕೊಡೋ ಡಾಕ್ಟರು."

ಅಪ್ಪ ಬಸ್ ಡ್ರೈವರಾಗಿ ನಿವೃತ್ತರಾದವರು. ಬರೀ ಬಸ್ ಡ್ರೈವರ್ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಅವರು ಓಡಿಸಿದ್ದು ಕೊಂಬಿನ ಬಸ್ಸು. ನಮ್ಮ ಊರಿನಲ್ಲಿ ಒಂದು ಕಾಲಕ್ಕೆ ಎಲ್ಲ ದೊಡ್ಡ ರಸ್ತೆಗಳ ಮೇಲೂ ಜೋಡಿ ತಂತಿ ಎಳೆದಿತ್ತು. ಬಸ್ಸಿನ ತಲೆಯಿಂದ ಎರಡು ಉದ್ದನೆಯ ಕೋಲುಗಳು ಎದ್ದು, ಆ ತಂತಿಗೆ ಒರಗಿ, ಕರೆಂಟು ಹೀರಿಕೊಂಡು ಓಡುತ್ತಿದ್ದವು. ಹಳಿ ಇಲ್ಲ, ಹೊಗೆ ಇಲ್ಲ, ಗುಂಯ್ ಎನ್ನುವ ಒಂದು ಸಣ್ಣ ಸದ್ದು ಬಿಟ್ಟರೆ ಗಲಾಟೆಯೂ ಇಲ್ಲ. ಕಚೇರಿಯ ಕಾಗದಗಳಲ್ಲಿ ಅದಕ್ಕೆ ಉದ್ದುದ್ದದ ಹೆಸರಿತ್ತು. ಬೀದಿಯ ಮಟ್ಟಿಗೆ ಅದು ಕೊಂಬಿನ ಬಸ್ಸು.

ಚೌಕದ ತಿರುವಿನಲ್ಲಿ ಡ್ರೈವರ್ ಕೊಂಚ ಅವಸರ ಮಾಡಿದರೂ ಕೊಂಬು ತಂತಿಯಿಂದ ಜಾರಿ ಆಕಾಶವನ್ನು ತಿವಿಯುತ್ತಿತ್ತು. ಬಸ್ಸು ಮಾತು ಮರೆತವರ ಹಾಗೆ ನಡುರಸ್ತೆಯಲ್ಲಿ ನಿಲ್ಲುವುದು. ಕಂಡಕ್ಟರ್ ಇಳಿದು ಹಿಂದೆ ಹೋಗಿ, ಹಗ್ಗ ಹಿಡಿದು, ಗಾಳಿಪಟ ಹಾರಿಸುವವನಂತೆ ಕತ್ತೆತ್ತಿ ಕೊಂಬನ್ನು ಮತ್ತೆ ತಂತಿಗೆ ಕೂರಿಸುವುದು. ನೀಲಿ ಕಿಡಿ ಹಾರುವುದು. ಒಳಗಿದ್ದವರೆಲ್ಲ ತಾವೇ ರಿಪೇರಿ ಮಾಡಿದವರಂತೆ ಒಬ್ಬರನ್ನೊಬ್ಬರು ನೋಡಿ ನಗುವುದು. ಅಪ್ಪ ಓಡಿಸುವಾಗ ಕೊಂಬು ಜಾರಿದ್ದನ್ನು ನಾನು ನೋಡಿಲ್ಲ. ಅಪ್ಪನನ್ನು ಕೇಳಿದರೆ ಯಾರೂ ನೋಡಿಲ್ಲ.

ಕಾಲ ಕಳೆದ ಹಾಗೆ ಒಂದೊಂದೇ ರಸ್ತೆಯ ತಂತಿ ಬಿಚ್ಚಿದರು. ಡೀಸೆಲ್ ಬಸ್ಸು ಬಂತು, ಆಮೇಲೆ ಮನೆಗೊಂದು ಸ್ಕೂಟರು, ಸ್ಕೂಟರಿಗೊಂದು ಕಾರು ಬಂತು. ಕೊನೆಗೆ ಉಳಿದದ್ದು ಒಂದೇ ದಾರಿ: ರೈಲ್ವೆ ಸ್ಟೇಷನ್ನಿನಿಂದ ಹೊರಟು, ಮಾರುಕಟ್ಟೆ ಹಾದು, ಏರು ಹತ್ತಿ ಡಿಪೋ ಸೇರುವುದು. ಆ ಏರಿನ ಎರಡೂ ಕಡೆಯ ಓಣಿಗಳಲ್ಲಿ ಇರುವವರೆಲ್ಲ ಡಿಪೋದವರೇ. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು, ಅವರ ಹೆಂಡಂದಿರು, ಗಂಡಂದಿರು, ವಿಧವೆಯರು, ಮಕ್ಕಳು, ಹಾಗೂ ಮಕ್ಕಳು ಬಿಟ್ಟುಹೋದ ನಾಯಿಗಳು. ನಮ್ಮ ಮನೆ ಸರಿಯಾಗಿ ಏರಿನ ನಡುವೆ.

ಚಿಕ್ಕವರಿದ್ದಾಗ ಸಂಜೆ ನಾನೂ ತಂಗಿಯೂ ಒಂದೇ ಮೇಜಿನ ಎರಡು ಬದಿಗೆ ಕೂತು ಓದುತ್ತಿದ್ದೆವು. ತುಂಬಿದ ಬಸ್ಸು ಏರು ಹತ್ತತೊಡಗಿದರೆ ತಲೆಯ ಮೇಲಿನ ಬಲ್ಬು ಮಂಕಾಗುತ್ತಿತ್ತು. ಬೀದಿಗೂ ಬಸ್ಸಿಗೂ ಕರೆಂಟು ಬರುತ್ತಿದ್ದದ್ದು ಒಂದೇ ಕಡೆಯಿಂದ. ಪುಸ್ತಕದ ಅಕ್ಷರಗಳು ಹಳದಿಗೆ ತಿರುಗುವವು, ಆಮೇಲೆ ಕಂದು ಬಣ್ಣಕ್ಕೆ. ಬಸ್ಸು ಮೇಲೆ ತಲುಪಿದ ಕೂಡಲೇ ಬೆಳಕು ಫಕ್ಕನೆ ವಾಪಸು ಬರುವುದು. ಲೆಕ್ಕದಲ್ಲಿ ತಪ್ಪಿದ್ದಕ್ಕೆ, ಕೈಬರಹ ಕೆಟ್ಟಿದ್ದಕ್ಕೆ, ಇಡೀ ಓಣಿಯ ಮಕ್ಕಳು ಶಾಲೆಯಲ್ಲಿ ಒಂದೇ ಕಾರಣ ಹೇಳುತ್ತಿದ್ದರು: "ಬಸ್ಸು ಹತ್ತುತಿತ್ತು ಸಾರ್." ಬೇರೆ ಬೀದಿಯಿಂದ ಬಂದ ಮೇಷ್ಟರಿಗೆ ಇದು ಎಷ್ಟು ವರ್ಷವಾದರೂ ಅರ್ಥವಾಗಲಿಲ್ಲ.

"ಅಣ್ಣ, ಜಾಸ್ತಿ ಜನ ಇದ್ರೆ ಜಾಸ್ತಿ ಮಂಕಾಗುತ್ತಾ?" ಎಂದು ತಂಗಿ ಕೇಳುವಳು.

"ಸುಮ್ನೆ ಓದೇ."

"ಒಬ್ಬರಿಗೆ ಎಷ್ಟು ಮಂಕು?"

ಆ ಪ್ರಶ್ನೆಯನ್ನು ನಾನು ಅಲ್ಲೇ ಬಿಟ್ಟೆ, ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಅವಳು ಅದನ್ನೇ ಹಿಡಿದುಕೊಂಡು ವಿಶ್ವವಿದ್ಯಾಲಯದವರೆಗೆ ಹೋದಳು. ಊರು ತಿನ್ನುವ ಒಟ್ಟು ಕರೆಂಟು, ಎಣ್ಣೆಯಲ್ಲಿ ಜನರ ಓಡಾಟಕ್ಕೆ ಎಷ್ಟು ಹೋಗುತ್ತದೆ, ಒಬ್ಬ ಮನುಷ್ಯನನ್ನು ಒಂದು ಕಿಲೋಮೀಟರ್ ಸಾಗಿಸಲು ಯಾವ ವಾಹನಕ್ಕೆ ಎಷ್ಟು ಬೇಕು, ಮುಂದಿನ ಪೀಳಿಗೆ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಳ್ಳದ ಹಾಗೆ ಊರನ್ನು ಓಡಾಡಿಸುವುದು ಹೇಗೆ, ಇದು ಅವಳ ವಿಷಯ. ಅದನ್ನು ಯಾರಾದರೂ ಕೇಳಿದರೆ ಅಮ್ಮ ಚುಟುಕಾಗಿ ಹೇಳುತ್ತಿದ್ದರು: "ನಮ್ಮ ಮಗಳು ಬಲ್ಬು ಯಾಕೆ ಮಂಕಾಗುತ್ತೆ ಅಂತ ಓದ್ತಿದಾಳೆ. ಇನ್ನೂ ಗೊತ್ತಾಗಿಲ್ಲವಂತೆ."

ಗೊತ್ತಾದದ್ದು ಕೆಟ್ಟ ಸುದ್ದಿಯಾಗಿತ್ತು. ನಗರದ ಎಲ್ಲ ದಾರಿಗಳ ಪೈಕಿ ಒಬ್ಬೊಬ್ಬರ ತಲೆಗೆ ಅತಿ ಹೆಚ್ಚು ಶಕ್ತಿ ನುಂಗುವುದು ನಮ್ಮ ಕೊಂಬಿನ ಬಸ್ಸೇ. ಬಸ್ಸಿನ ಮೀಟರು ತೋರಿಸಿದ ಕರೆಂಟನ್ನು ಹರಿದ ಟಿಕೆಟ್ಟುಗಳಿಂದ ಭಾಗಿಸಿದರೆ, ಪ್ರತಿಯೊಬ್ಬರೂ ಒಂದೊಂದು ಕಾರಿನಲ್ಲಿ ಒಂಟಿಯಾಗಿ ಹೋಗುವುದೇ ವಾಸಿ ಎನ್ನುವಂತಿತ್ತು ಉತ್ತರ. ಅವಳ ಕರಡು ವರದಿ ನಗರಸಭೆಗೆ ಹೋಯಿತು, ಅಲ್ಲಿಂದ ನಮ್ಮ ಪತ್ರಿಕೆಗೆ ಬಂತು. "ಕಾರಿಗಿಂತ ಹೊಟ್ಟೆಬಾಕ ಈ ಬಸ್ಸು" ಎಂಬ ತಲೆಬರಹ ನನ್ನ ಮೇಜಿನ ಮೇಲೆಯೇ ಹಾದುಹೋಯಿತು. ಕಾಗುಣಿತ ಸರಿಯಾಗಿತ್ತು. ಅಂತಿಮ ವರದಿ ಬಂದ ಮೇಲೆ ತಂತಿ ಬಿಚ್ಚುವ ತೀರ್ಮಾನ ಮಾಡುವುದೆಂದು ಸುದ್ದಿಯ ಕೊನೆಯಲ್ಲಿತ್ತು.

ಹೀಗಾಗಿ ಆ ದಿನದ ಊಟ ಮರ್ಯಾದೆಯಲ್ಲೇ ಮುಗಿಯಿತು. "ಇನ್ನೊಂಚೂರು ಬಡಿಸ್ಕೊಳ್ಳಿ." "ನೀರು ಬೇಕಾ ತಮಗೆ?" ತಂಗಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಏಟು ಕೊಟ್ಟಿದ್ದರೆ ತಡೆದುಕೊಳ್ಳುತ್ತಿದ್ದಳು. 'ತಮಗೆ' ಅವಳಿಂದ ಆಗಲಿಲ್ಲ.

ಕೈ ತೊಳೆದು ಇಬ್ಬರೂ ಹೊರಟೆವು. ಅವಳ ಸಹೋದ್ಯೋಗಿಯ ಕಾರು ಬರುವುದಿತ್ತು. ಕಾಯುವ ತಾಳ್ಮೆ ಇರಲಿಲ್ಲ. ಗೇಟು ದಾಟುವಷ್ಟರಲ್ಲಿ ಡಿಪೋ ಕಡೆಯಿಂದ ಕೊಂಬಿನ ಬಸ್ಸು ಇಳಿಯುತ್ತ ಬಂತು. ಸ್ಟಾಪು ಇನ್ನೂ ಆಚೆ ಇತ್ತು. ಬಸ್ಸು ನಮ್ಮ ಗೇಟಿನ ಮುಂದೆಯೇ ನಿಂತಿತು. ಅದು ಯಾವಾಗಲೂ ಹಾಗೆಯೇ. ಡಿಪೋದವರ ಮನೆಗೆ ಬಸ್ಸು ಬರುತ್ತದೆ. ಸ್ಟಾಪಿಗೆ ಹೋಗುವುದು ಹೊರಗಿನವರು.

ಒಳಗೆ ಕೂರಲು ಜಾಗವಿರಲಿಲ್ಲ. ನಾವು ಕಂಬ ಹಿಡಿದು ನಿಂತೆವು. ಕಂಡಕ್ಟರನನ್ನು ಓಣಿಯವರೆಲ್ಲ ಸೀಟಿ ಎನ್ನುತ್ತಾರೆ. ಕಚೇರಿಯವರು ಕೊಟ್ಟ ಸೀಟಿ ಕೊರಳಲ್ಲಿ ನೇತಾಡುತ್ತಿದ್ದರೂ ಅವನು ಎರಡು ಬೆರಳು ಬಾಯಿಗಿಟ್ಟು ಊದುವವನು. ಅಪ್ಪನ ಕೊನೆಯ ವರ್ಷಗಳಲ್ಲಿ ಅವರ ಬಸ್ಸಿನಲ್ಲೇ ಕೆಲಸ ಕಲಿತವನು.

"ಏನಮ್ಮ ಟಿಂಟಿಣಿ, ಯಾವಾಗ ಬಂದೆ? ಸೊರಗಿಬಿಟ್ಟಿದೀಯಲ್ಲ!"

ಟಿಂಟಿಣಿ ನನ್ನ ತಂಗಿ. ಚಿಕ್ಕವಳಿದ್ದಾಗ ಬೆಲ್ಲಿನ ಹಗ್ಗಕ್ಕೆ ಜೋತುಬಿದ್ದು ಟಿಣ್ ಟಿಣ್ ಮಾಡುತ್ತಿದ್ದಳೆಂದು ಇಟ್ಟ ಹೆಸರು. ಡಾಕ್ಟರೇಟು ಸಿಕ್ಕರೂ ಈ ದಾರಿಯಲ್ಲಿ ಅದು ಅಳಿಸಿಲ್ಲ.

ಅವಳು ಪರ್ಸಿನಿಂದ ನೋಟು ತೆಗೆದು ಚಾಚಿದಳು. "ಎರಡು ಕೊಡಿ ಮಾವ."

"ಏನು ಎರಡು?"

"ಟಿಕೆಟ್ಟು."

ಸೀಟಿ ಆ ನೋಟನ್ನು ಯಾವುದೋ ಸತ್ತ ಜಂತುವನ್ನು ನೋಡುವ ಹಾಗೆ ನೋಡಿದ.

"ನಾನೇನಮ್ಮ ಅನ್ಯಾಯ ಮಾಡಿದೆ ನಿಂಗೆ?"

"ಹಾಗಲ್ಲ ಮಾವ..."

"ಪೇಪರಲ್ಲಿ ಬರೆದೆ, ಸರಿ, ಓದಿದೋಳು, ಬರೆದಿದೀಯ. ಅದಕ್ಕೆ ನಂಗೆ ಬೇಜಾರಿಲ್ಲ. ಮನೆಯೋಳಾಗಿ ನನಗೆ ದುಡ್ಡು ತೋರಿಸ್ತೀಯಾ? ಒಳಗಿಡು. ಯಾರಾದ್ರೂ ನೋಡಿದ್ರೆ ಏನಂತಾರೆ!"

ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ, "ದೂರ ಹೋದ್ರೆ ಹೀಗೇ ಕಣಪ್ಪ, ನಾಲ್ಕಕ್ಷರ ಕಲಿತು ನಮ್ಮನ್ನೇ ಮರೀತಾವೆ," ಎಂದರು. ಅವರ ಗಂಡ ಈ ದಾರಿಯ ಹಳೆಯ ಕಂಡಕ್ಟರು. ಅವರು ತೀರಿಹೋದ ಮೇಲೂ ಅಜ್ಜಿ ದಿನಾ ಸ್ಟೇಷನ್ನಿಗೆ ಹೋಗಿ, ಬೆಂಚಿನ ಮೇಲೆ ಕೂತು, ಬಂದು ಹೋಗುವವರನ್ನೆಲ್ಲ ನೋಡಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಾರೆ.

ತಂಗಿ ನೋಟನ್ನು ಒಳಗಿಟ್ಟಳು. ಸೀಟಿ ಮುಂದಕ್ಕೆ ಹೋದ. ಒಬ್ಬೊಬ್ಬರ ಬಳಿಯೂ ತನ್ನ ಗಲ್ಲವನ್ನು ಒಂಚೂರು ಮೇಲೆತ್ತುತ್ತಿದ್ದ. ಅವರು ಕಣ್ಣುರೆಪ್ಪೆಯನ್ನು ಒಂಚೂರು ಇಳಿಸುತ್ತಿದ್ದರು. ಅಷ್ಟಕ್ಕೆ ವ್ಯವಹಾರ ಮುಗಿಯುತ್ತಿತ್ತು. ಹುಟ್ಟಿದಾಗಿನಿಂದ ನಾವು ಪ್ರಯಾಣ ಮಾಡಿದ್ದು ಹೀಗೆಯೇ. ಉಸಿರಾಡುವುದನ್ನು ಯಾರು ಗಮನಿಸುತ್ತಾರೆ? ಅವಳು ಗಮನಿಸುತ್ತಿದ್ದಳು. ತುಟಿ ಅಲುಗುತ್ತಿತ್ತು.

"ಅಣ್ಣ, ಇಲ್ಲಿ ಟಿಕೆಟ್ ತಗೊಂಡಿರೋರು ಯಾರು?"

"ಮುಂದೆ ಸೂಟ್‌ಕೇಸ್ ಇಟ್ಕೊಂಡು ಕೂತಿದಾರಲ್ಲ, ಆ ಗಂಡ ಹೆಂಡತಿ. ದಾರಿ ತಪ್ಪಿ ಬಂದಿರ್ಬೇಕು."

"ಉಳಿದೋರು?"

"ಉಳಿದೋರು ನಮ್ಮೋರು."

ಹೇಳಿದ ಮೇಲೆ ನನಗೂ ಹೊಳೆಯಿತು. ಬಸ್ಸು ಮಾರುಕಟ್ಟೆಯ ತಿರುವಿಗೆ ಬಂದಿತ್ತು. ಎಲ್ಲರೂ ಒಂದೇ ಕಡೆಗೆ ವಾಲಿದರು, ಅವಳು ನನ್ನ ತೋಳು ಹಿಡಿದಳು, ಹಿಡಿದದ್ದನ್ನು ಸ್ಟೇಷನ್ನಿನವರೆಗೆ ಬಿಡಲಿಲ್ಲ.

ಇಳಿದು ಬೆಂಚಿನ ಮೇಲೆ ಕೂತೆವು. ಪಕ್ಕದ ಬೆಂಚಿನಲ್ಲಿ ಆ ಅಜ್ಜಿ ಆಗಲೇ ತಮ್ಮ ಡ್ಯೂಟಿಗೆ ಹಾಜರಾಗಿದ್ದರು.

"ಊರಿನ ಎಲ್ಲಾ ದಾರೀಲೂ ಬಸ್ಸಲ್ಲಿ ಕೂತು ತಲೆ ಎಣಿಸಿದೀನಿ," ಎಂದಳು ತಂಗಿ. "ಟಿಕೆಟ್ಟಿಗೂ ತಲೆಗೂ ತಾಳೆ ನೋಡಿದೀನಿ. ಇದೊಂದನ್ನ ಬಿಟ್ಟೆ."

"ಯಾಕೆ ಬಿಟ್ಟೆ?"

"ಗೊತ್ತಿರೋ ದಾರಿ ಅಲ್ವಾ."

ನನಗೆ ನಗು ಬಂತು. ಅವಳಿಗೂ ಬಂತು, ಆದರೆ ಅರ್ಧ ದಾರಿಯಲ್ಲಿ ನಿಂತಿತು. "ನಗಬೇಡ. ಬಸ್ಸು ತುಂಬ ಜನರನ್ನ ಹೊತ್ತು ಏರು ಹತ್ತಿದ ಕರೆಂಟನ್ನ ಆ ಸೂಟ್‌ಕೇಸ್ ಗಂಡ ಹೆಂಡತಿಯ ತಲೆಗೆ ಕಟ್ಟಿದೀನಿ. ಇದಕ್ಕಿಂತ ಕಡಿಮೆ ಶಕ್ತೀಲಿ ಜನ ಸಾಗಿಸೋ ಬಸ್ಸು ಈ ಊರಲ್ಲೇ ಇಲ್ಲ ಅಂತ ಕಾಣುತ್ತೆ."

"ಹಾಗಾದ್ರೆ ತಿದ್ದಿ ಬರಿ. ಮುಗೀತು."

"ಏನಂತ ಬರೀಲಿ? ಇವರ ಪಾಸು ಎಲ್ಲಿದೆ?"

ಪಾಸು ಕೆಲಸದಲ್ಲಿ ಇರುವವರ ಮನೆಯವರಿಗೆ ಮಾತ್ರ. ನಿವೃತ್ತರಾದ ದಿನ ಅದು ಸತ್ತ ಹಾಗೆ. ಡಿಪೋ ಏರಿನಲ್ಲಿ ಎಷ್ಟೋ ಪಾಸುಗಳು ಸತ್ತು ಎಷ್ಟೋ ವರ್ಷವಾಗಿದ್ದವು, ಯಾರೂ ಅವುಗಳ ಹೆಣ ಎತ್ತಿರಲಿಲ್ಲ. ಗಲ್ಲ ಎತ್ತಿದರೆ ಸಾಕು, ನಡೆಯುತ್ತಿತ್ತು. ತಲೆ ಎಣಿಸಿ ವರದಿ ಕೊಟ್ಟರೆ, ಟಿಕೆಟ್ಟಿಲ್ಲದ ತಲೆಗಳು ಯಾರವು ಎಂದು ಕಚೇರಿಯವರು ಬಂದೇ ಬರುತ್ತಾರೆ.

"ಬರೀದಿದ್ರೆ ತಂತಿ ಹೋಗುತ್ತೆ," ಎಂದಳು. "ಬರೆದ್ರೆ ಸೀಟಿ ಮಾವನ ಕೆಲಸ ಹೋಗುತ್ತೆ, ಅಪ್ಪ ಪುಕ್ಕಟೆ ಪ್ರಯಾಣಿಕ ಅನ್ನಿಸ್ಕೋತಾರೆ. ನಮ್ಮ ಅಪ್ಪ ಕಣೋ ಅಣ್ಣ! ಮನೆಗೆ ತಂದ ಕಂಪನಿ ಸ್ಕ್ರೂ ಡ್ರೈವರನ್ನ ರಜೆಯ ದಿನ ನಡೆದು ಹೋಗಿ ವಾಪಸು ಕೊಟ್ಟು ಬಂದ ಮನುಷ್ಯ."

ಮುಂದಿನ ಭಾನುವಾರ ಬೆಳಿಗ್ಗೆ ಓಣಿಯ ದೊಡ್ಡವರನ್ನೆಲ್ಲ ನಮ್ಮ ಮನೆಯ ಮುಂದೆ ಸೇರಿಸಿದೆವು. ಕುರ್ಚಿ ಸಾಲದೆ ಮೆಟ್ಟಿಲ ಮೇಲೂ ಕೂತರು. ಮೆಕ್ಯಾನಿಕ್ ಮಾವ ತಮ್ಮ ಕುರ್ಚಿಯನ್ನು ತಾವೇ ತಂದಿದ್ದರು, ಬೇರೆಯವರ ಕುರ್ಚಿಯ ಕಾಲು ಅವರಿಗೆ ನಂಬಿಕೆಯಿಲ್ಲ. ಸೀಟಿ ಡ್ಯೂಟಿ ಇಲ್ಲದಿದ್ದರೂ ಯೂನಿಫಾರಂ ಹಾಕಿಕೊಂಡು ಬಂದ. ಅಪ್ಪ ಬಾಗಿಲ ಪಕ್ಕದಲ್ಲಿ ಯಾರೋ ಕರೆಸಿದ ಸಾಕ್ಷಿಯ ಹಾಗೆ ಕೂತರು.

ತಂಗಿ ನಿಂತು, ಸುತ್ತುಬಳಸದೆ ಹೇಳಿದಳು. ತಪ್ಪು ತನ್ನದು, ಈ ಬಸ್ಸಿನ ಜನರನ್ನು ತಾನು ಎಣಿಸಲಿಲ್ಲ. ಈಗ ಎಣಿಸಿ ನಿಜವನ್ನೇ ಬರೆಯುವವಳು. ಬರೆದ ಮೇಲೆ ಕಚೇರಿಯವರು ಬಸ್ಸಿಗೆ ಹತ್ತಿ ನೋಡುತ್ತಾರೆ. ಅಷ್ಟರೊಳಗೆ ಎಲ್ಲರೂ ಟಿಕೆಟ್ಟು ತೆಗೆದುಕೊಳ್ಳಲು ಶುರುಮಾಡಬೇಕು.

"ಎಷ್ಟು ದಿನ?" ಎಂದರು ಮೆಕ್ಯಾನಿಕ್ ಮಾವ. "ಅವರು ನೋಡ್ಕೊಂಡು ಹೋಗೋ ತನಕ ತಾನೇ?"

"ಇಲ್ಲ ಮಾವ. ಇನ್ಮೇಲೆ ಯಾವಾಗಲೂ."

ಗಲಾಟೆ ಎದ್ದಿತು.

"ಆ ಬಸ್ಸಿನ ಹೊಟ್ಟೆ ಕೆಳಗೆ ಮಲಗಿ ನನ್ನ ಬೆನ್ನು ಹೋಯ್ತು. ಅದನ್ನ ಹತ್ತೋಕೆ ನಾನು ಚೀಟಿ ಹರಿಸ್ಕೋಬೇಕಾ?"

"ನಮ್ಮನೆಯೋರು ಊರಿಗೆಲ್ಲ ಟಿಕೆಟ್ ಹರಿದ್ರು," ಎಂದರು ಸ್ಟೇಷನ್ ಅಜ್ಜಿ. "ನಾನೊಂದು ತಗೊಂಡೆ ಅಂದ್ರೆ, ಮೇಲಿಂದ ಅವರು ಏನಂದ್ಕೋಬೇಡ? ನನ್ನ ಹೆಂಡತಿ ಬೇರೆಯೋರ ಹತ್ರ ಟಿಕೆಟ್ ತಗೊಂಡ್ಲು ಅಂತ!"

ಸೀಟಿ ಎದ್ದು ನಿಂತ. "ನಾನಂತೂ ಕೊಡಲ್ಲ. ಕೈ ಬರಲ್ಲ ನಂಗೆ. ಇವರ ಮನೇಲಿ ಅನ್ನ ಉಂಡಿದೀನಿ."

"ಕೆಲಸ ಹೋಗುತ್ತೆ ಮಾವ."

"ಹೋಗ್ಲಿ ಬಿಡು," ಎಂದ ಸೀಟಿ; ಆಮೇಲೆ ಹೆಂಡತಿಯ ಮುಖ ನೋಡಿ ಕೂತ.

ಅಪ್ಪ ಗಂಟಲು ಸರಿಮಾಡಿಕೊಂಡರು. "ತಾವು ಹೇಳೋದು ಸರಿಯಾಗಿದೆ. ತಮ್ಮಂಥ ವಿದ್ವಾಂಸರ ಮುಂದೆ ನಾವು ಏನು ಹೇಳೋಕಾಗುತ್ತೆ."

"ಅಪ್ಪ, ನೀವು ದಿನಾ ಬಸ್ಸಲ್ಲಿ ಇರ್ತೀರ. ಲೆಕ್ಕದಲ್ಲಿ ನೀವು ಇಲ್ಲ. ಲೆಕ್ಕದಲ್ಲಿ ಯಾರೂ ಇಲ್ಲ ಅಂದ್ರೆ ಬಸ್ಸು ಯಾಕೆ ಬೇಕು ಅಂತ ಕೇಳ್ತಾರೆ. ಒಬ್ಬ ಪ್ಯಾಸೆಂಜರ್ ಆಗಿ..."

"ನಾನು ಪ್ಯಾಸೆಂಜರ್ ಅಲ್ಲ!" ಅಪ್ಪ ಎದ್ದುಬಿಟ್ಟರು. "ಯಾರಿಗೆ ಹೇಳ್ತಿದೀಯ ನೀನು? ಪ್ಯಾಸೆಂಜರ್ ಅಂತೆ! ಆ ತಂತಿ ಎಲ್ಲಿ ಸಡಿಲ ಇದೆ, ಯಾವ ಕಂಬದ ಹತ್ರ ಪೆಡಲಿಂದ ಕಾಲು ತೆಗೀಬೇಕು ಅಂತ ನನಗೆ ನಿದ್ದೇಲಿ ಕೇಳು. ನನ್ನ ಬಸ್ಸಲ್ಲಿ ನನ್ನನ್ನೇ ದಾರೀಲಿ ಹೋಗೋನ ಹಾಗೆ ಕೂರಿಸ್ತೀಯಾ? ಬುದ್ಧಿ ಇದೆಯೇನೇ ನಿಂಗೆ?"

ಏಕವಚನ ವಾಪಸು ಬಂದಿತ್ತು. ಬೈಗುಳ ತಿಂದ ತಂಗಿಯ ಮುಖ ಅರಳಿತು. ಅದನ್ನು ಕಂಡು ಅಪ್ಪನಿಗೆ ಇನ್ನಷ್ಟು ಸಿಟ್ಟು ಬಂತು.

ಆದರೆ ಅಪ್ಪ ಆಡಿದ ಮಾತು ನಿಜವಾಗಿತ್ತು. ಟಿಕೆಟ್ಟಿನ ದುಡ್ಡು ಅಲ್ಲಿ ಯಾರಿಗೂ ದೊಡ್ಡದಾಗಿರಲಿಲ್ಲ. ಕೆಲಸ ಹೋಗಿತ್ತು, ಯೂನಿಫಾರಂ ಹೋಗಿತ್ತು, ಡಿಪೋದ ಗೇಟಿನಲ್ಲಿ ಹೊಸ ಕಾವಲುಗಾರ ಹೆಸರು ಕೇಳುತ್ತಿದ್ದ. ಕಂಡಕ್ಟರು ಗಲ್ಲ ಎತ್ತುವುದೊಂದೇ ಉಳಿದಿತ್ತು. ಅದನ್ನು ಬಿಟ್ಟರೆ ಬಸ್ಸು ಉಳಿಯುತ್ತದೆ. ಅದನ್ನು ಹಿಡಿದುಕೊಂಡರೆ ಬಸ್ಸು ಹೋಗುತ್ತದೆ. ಬಸ್ಸು ಹೋದರೆ ಗಲ್ಲ ಎತ್ತಲು ಕಂಡಕ್ಟರೂ ಇರುವುದಿಲ್ಲ. ಇದನ್ನು ಬಿಡಿಸಿ ಹೇಳಲು ಸಂಶೋಧನೆ ಬೇಕಿರಲಿಲ್ಲ.

ಅಮ್ಮ ಟೀ ಲೋಟಗಳ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಾನು ತಗೋತೀನಪ್ಪ ಟಿಕೆಟ್ಟು," ಎಂದರು. "ಮದುವೆಯಾಗಿ ಬಂದಾಗಿನಿಂದ ಡ್ರೈವರ್ ಹೆಂಡತಿ, ಡ್ರೈವರ್ ಹೆಂಡತಿ ಅಂತ ಯಾರೂ ನಂಗೊಂದು ಟಿಕೆಟ್ ಕೊಟ್ಟಿಲ್ಲ. ಹೇಗಿರುತ್ತೋ ನೋಡ್ಬೇಕು. ತಗೊಳ್ಳಿ, ಆರೋಗುತ್ತೆ ಟೀ."

ಮರುದಿನ ಬೆಳಿಗ್ಗೆ ಅಮ್ಮ ಒಳ್ಳೆಯ ಸೀರೆ ಉಟ್ಟು ಹೊರಟರು. ಹೋಗಬೇಕಾದ ಕೆಲಸವೇನೂ ಇರಲಿಲ್ಲ. ತಂಗಿಗೂ ನನಗೂ ಕೆಲಸಕ್ಕೆ ಹೊತ್ತಾಗುತ್ತಿತ್ತು, ಆದರೂ ಜೊತೆಗೆ ಹೊರಟೆವು. ಅಪ್ಪನೂ ಹಿಂದೆ ಬಂದರು. ಬಸ್ಸು ಗೇಟಿನ ಮುಂದೆ ನಿಲ್ಲಲು ಹೋದಾಗ ಅಮ್ಮ, "ಮುಂದೆ ಹೋಗಪ್ಪ, ಸ್ಟಾಪಿಗೆ ಬರ್ತೀವಿ," ಎಂದು ಕೈ ಬೀಸಿದರು. ಡ್ರೈವರಿಗೆ ಅರ್ಥವಾಗಲಿಲ್ಲ, ನಾಲ್ಕೂ ಜನ ಸ್ಟಾಪಿನ ಕಡೆ ನಡೆಯುವುದನ್ನು ನೋಡುತ್ತ ಬಸ್ಸನ್ನು ನಮ್ಮ ಪಕ್ಕದಲ್ಲೇ ಆಮೆಯ ಹಾಗೆ ತೆವಳಿಸಿಕೊಂಡು ಬಂದ.

ಸೀಟಿ ಅಮ್ಮನಿಗೆ ಟಿಕೆಟ್ಟು ಹರಿದುಕೊಟ್ಟ. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟೇನಾ? ಇಷ್ಟು ತೆಳ್ಳಗಾ?" ಅಮ್ಮನ ನಂತರ ಮೆಕ್ಯಾನಿಕ್ ಮಾವ ಮುಖ ಅತ್ತ ತಿರುಗಿಸಿಕೊಂಡು ಕೈ ಇತ್ತ ಚಾಚಿದರು. ಸ್ಟೇಷನ್ ಅಜ್ಜಿ ದುಡ್ಡನ್ನು ಸೀಟಿಯ ಕೈಗೆ ಕೊಡಲಿಲ್ಲ. ಸೀಟಿನ ಅಂಚಿನ ಮೇಲಿಟ್ಟು ಕಿಟಕಿಯಾಚೆ ನೋಡಿದರು. ಅವನು ಟಿಕೆಟ್ಟನ್ನು ಅದೇ ಜಾಗದಲ್ಲಿಟ್ಟು ದುಡ್ಡು ಎತ್ತಿಕೊಂಡ. ಹೀಗೆ ಅವರ ಗಂಡನಿಗೂ ಅವಮಾನವಾಗಲಿಲ್ಲ.

ತಂತಿ ಉಳಿಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ತಂಗಿ ತಲೆ ಎಣಿಸಿದಳು, ಮೊದಲ ವರದಿಯ ತಪ್ಪನ್ನು ತನ್ನ ಹೆಸರಿನ ಕೆಳಗೇ ಬರೆದಳು. ಸಿಬ್ಬಂದಿಯ ಮನೆಯವರು ಹಿಂದೆ ಟಿಕೆಟ್ಟಿನ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತಿದ್ದಾರೆ ಎಂದೂ ಬರೆದಳು. ಕಚೇರಿಯವರು ಹತ್ತಿ ನೋಡಿದಾಗ ಇಡೀ ಬಸ್ಸು ಟಿಕೆಟ್ಟನ್ನು ಮುಖದ ಮುಂದೆ ಹಿಡಿದು ಕೂತಿತ್ತು. ಹಳೆಯದನ್ನು ಕೆದಕುವ ಉತ್ಸಾಹ ಅವರಿಗೂ ಬರಲಿಲ್ಲ. ತಿದ್ದುಪಡಿಯ ಸುದ್ದಿಗೆ ನಮ್ಮ ಪತ್ರಿಕೆಯವರು ಒಳಪುಟದಲ್ಲಿ ಹೆಬ್ಬೆರಳಿನಷ್ಟು ಜಾಗ ಕೊಟ್ಟರು. ಈಗ ಬಸ್ಸು ಸ್ಟಾಪಿನಲ್ಲಿ ಮಾತ್ರ ನಿಲ್ಲುತ್ತದೆ, ಮನೆಯ ಮುಂದೆ ನಿಲ್ಲುವುದಿಲ್ಲ. ಅದರಿಂದಲೂ ಒಂದಿಷ್ಟು ಕರೆಂಟು ಉಳಿಯುತ್ತದೆಂದು ತಂಗಿ ಹೇಳುತ್ತಾಳೆ. ಗೇಟಿನ ಮುಂದೆ ಬಸ್ಸು ಕಾಯುತ್ತಿದ್ದದ್ದು, ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ "ಬಂದೇ, ಬಂದೇ" ಎಂದು ಓಡುತ್ತಿದ್ದದ್ದು, ಒಳಗಿದ್ದವರು ಅವರಿಗಾಗಿ ಸರಿದು ಜಾಗ ಮಾಡುತ್ತಿದ್ದದ್ದು, ಇವನ್ನು ಯಾವ ಘಟಕದಲ್ಲಿ ಅಳೆಯಬೇಕೆಂದು ನಾನು ಅವಳನ್ನು ಕೇಳಿಲ್ಲ.

ನನ್ನ ಕಣ್ಣಿಗೆ ಕಟ್ಟಿದ್ದು ಮಾತ್ರ ಆ ಮೊದಲ ಬೆಳಿಗ್ಗೆ.

ಅಪ್ಪ ಎಂದಿನಂತೆ ಮುಂದೆ, ಡ್ರೈವರಿನ ಪಕ್ಕದ ಕಂಬ ಹಿಡಿದು ನಿಂತಿದ್ದರು. ನಿವೃತ್ತರಾದ ಮೇಲೂ ಅವರ ಜಾಗ ಅದೇ. ಸೀಟಿ ಎಲ್ಲರನ್ನೂ ಮುಗಿಸಿ ಅವರ ಬಳಿ ಬಂದ. ಅವನ ಗಲ್ಲ ತಾನಾಗಿಯೇ ಮೇಲೆದ್ದಿತು.

"ಗಲ್ಲ ಇಳಿಸು," ಎಂದರು ಅಪ್ಪ. "ಟಿಕೆಟ್ ಕೊಡು."

"ಗುರುಗಳೇ, ನಿಮಗೆ ಬೇಡ. ಒಬ್ಬರದು ಏನಾಗುತ್ತೆ?"

"ಕೊಡು ಅಂದೆ."

"ನಿಮ್ಮ ಕೈಯಲ್ಲಿ ಕಲಿತೋನು ನಾನು. ನನ್ನಿಂದ ಆಗಲ್ಲ."

"ನಾನು ಇದನ್ನಾ ಕಲಿಸಿದ್ದು ನಿಂಗೆ? ಚಿಲ್ಲರೆ ಹಿಡ್ಕೊಂಡು ನಿಂತಿರೋ ಪ್ಯಾಸೆಂಜರಿಗೆ ಟಿಕೆಟ್ ಕೊಡಲ್ಲ ಅನ್ನು ಅಂತ? ಬ್ಯಾಡ್ಜ್ ತೋರಿಸು. ಬ್ಯಾಡ್ಜ್ ನಂಬರ್ ತೋರಿಸಯ್ಯ, ಕಂಪ್ಲೇಂಟ್ ಬರೀತೀನಿ ನಿನ್ನ ಮೇಲೆ."

ಸೀಟಿ ಟಿಕೆಟ್ಟು ಹರಿದುಕೊಟ್ಟ, ಕಣ್ಣು ಒರೆಸಿಕೊಂಡ, ಎರಡು ಬೆರಳು ಬಾಯಿಗಿಟ್ಟು ಎಲ್ಲರ ಕಿವಿ ಕೀಳುವಂತೆ ಊದಿದ. ಅಪ್ಪ ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡು ಬಂದು ಅಮ್ಮನ ಪಕ್ಕದಲ್ಲಿ, ಕಿಟಕಿಯ ಬದಿಗೆ ಕೂತರು. ಕೊಂಬಿನ ಬಸ್ಸಿನಲ್ಲಿ ಅವರು ಪ್ರಯಾಣಿಕರ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೂತ ಕೂಡಲೇ ಶುರುವಾಯಿತು. ಸೀಟಿನ ಸ್ಪ್ರಿಂಗು ಚುಚ್ಚುತ್ತದೆ. ಕಿಟಕಿ ಅರ್ಧಕ್ಕೇ ನಿಲ್ಲುತ್ತದೆ. ಡ್ರೈವರಿಗೆ ಪೆಡಲ್ ಮೇಲೆ ಕಾಲಿಡಲು ಬರುವುದಿಲ್ಲ, ಅಡುಗೆಮನೆಯಲ್ಲಿ ಜಿರಲೆ ತುಳಿಯುವವನ ಹಾಗೆ ತುಳಿಯುತ್ತಾನೆ. "ದುಡ್ಡು ಕೊಟ್ಟಿಲ್ವಾ ನಾವು?" ಎಂದರು ಮೆಕ್ಯಾನಿಕ್ ಮಾವನ ಕಡೆ ತಿರುಗಿ. "ಅದೇ ನಾನೂ ಹೇಳ್ಬೇಕಂತಿದ್ದೆ," ಎಂದರು ಅವರು. ದಾರಿಯುದ್ದಕ್ಕೂ ದೂರುಗಳು ಸೇರುತ್ತ ಹೋದವು. ಅಷ್ಟು ಹುರುಪಿನಲ್ಲಿ ಆ ಜನರನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಸ್ಟೇಷನ್ನಿನಲ್ಲಿ ಅಜ್ಜಿಯನ್ನು ಇಳಿಸಿ ಬಸ್ಸು ತಿರುಗಿತು. ಅಮ್ಮನಿಗೆ ಇಳಿಯುವ ಮನಸ್ಸಿರಲಿಲ್ಲ. ವಾಪಸು ಪ್ರಯಾಣಕ್ಕೂ ನಾಲ್ವರಿಗೂ ಟಿಕೆಟ್ಟು ತೆಗೆಸಿದರು. ಬಸ್ಸು ಏರು ಹತ್ತುವಾಗ ಅಪ್ಪ ದೂರುವುದನ್ನು ನಿಲ್ಲಿಸಿ ಕಿಟಕಿಗೆ ಹತ್ತಿರ ಬಗ್ಗಿದರು.

"ಇಲ್ಲೊಂದು ಬಾವಿ ಇದೆಯಲ್ಲ!"

"ಮೊದಲಿಂದಲೂ ಇದೆ," ಎಂದರು ಅಮ್ಮ.

"ಈ ಮನೆಗೆ ಹಸಿರು ಬಾಗಿಲು ಯಾವಾಗ ಹಾಕಿಸಿದ್ರು?"

"ಅವರ ಮಗಳ ಮದುವೇಲಿ. ಆ ಮಗಳಿಗೀಗ ಮೊಮ್ಮಕ್ಕಳು."

ಅಷ್ಟು ವರ್ಷ ಅಪ್ಪ ನೋಡಿದ್ದು ಮುಂದಿನ ರಸ್ತೆ, ಮೇಲಿನ ತಂತಿ. ಬಸ್ಸು ನಮ್ಮ ಮನೆಯ ಪಕ್ಕಕ್ಕೆ ಬಂತು, ಗೇಟಿನ ಮುಂದೆ ನಿಲ್ಲದೆ ನಿಧಾನವಾಗಿ ಹತ್ತತೊಡಗಿತು. ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ, ಒಳಗೆ ಶೆಲ್ಫಿನ ಮೇಲೆ ಬೋರಲಾದ ಪಾತ್ರೆಗಳು.

"ಏ, ಇಲ್ಲಿಂದ ನಮ್ಮ ಅಡುಗೆಮನೆ ಕಾಣುತ್ತೆ ಕಣೇ!"

"ಅಲ್ಲೇ ನಿಂತ್ಕೊಂಡು ನೋಡ್ತಿದ್ದೆ, ನೀವು ಹೋಗೋವಾಗೆಲ್ಲ," ಎಂದರು ಅಮ್ಮ. "ಒಂದು ಸಲನಾದ್ರೂ ಈ ಕಡೆ ತಿರುಗಿದೀರಾ?"

"ಡ್ರೈವರು ತಿರುಗಬಾರದು."

"ಈಗೇನಂತೆ?"

ಬಸ್ಸು ಏರು ಮುಗಿಸಿ ಡಿಪೋದ ಕಡೆ ಹೊರಳುವವರೆಗೂ ಅಪ್ಪನ ಕತ್ತು ಹಿಂದಕ್ಕೇ ತಿರುಗಿತ್ತು.